ಎಡಗಡೆ ಸೀಟು

ಅಷ್ಟು ದೊಡ್ಡ ಕಾರು ಇಟ್ಕೊಂಡು ನಮ್ಮ ಯಶವಂತ ಆ ರಾತ್ರಿ ಮನೆಗೆ ನಡ್ಕೊಂಡು ಬಂದ.

ನಗ್ಬೇಡಿ. ಕರೆಂಟು ಹೋಗಿದೆ ಅಂತ ಹೊತ್ತು ಕಳೆಯೋಕೆ ಕಟ್ಟಿದ ಕತೆ ಅಲ್ಲ ಇದು. ಯಶವಂತ ನನ್ನ ಸ್ವಂತ ಚಿಕ್ಕಪ್ಪನ ಮಗ. ಆಲ್ದೂರಿನಿಂದ ಆಚೆಗೆ ಅವನ ತೋಟ. ಅವನೇ ನನ್ನ ಮುಂದೆ ಕೂತು ಹೇಳಿದ್ದು, ಉಳಿದಿದ್ದು ನಾನೇ ಕಂಡಿದ್ದು. ಆ ಕಿಟಕಿ ಸ್ವಲ್ಪ ಹಾಕು ಮಾರಾಯ, ಥಂಡಿ ಹೊಡೀತಾ ಇದೆ.

ಹಣ್ಣು ಕೊಯ್ಯೋ ಕಾಲ ಅದು. ಕಣದಲ್ಲಿ ಕಾಫಿ ಹರವಿ ಟಾರ್ಪಾಲು ಮುಚ್ಚಿದ್ರು. ಮಂಜು ಅಂದ್ರೆ ಮಂಜು, ಚಾಚಿದ ಕೈ ಕಾಣ್ತಿರ್ಲಿಲ್ಲ. ಅವನ ಹೆಂಡ್ತಿ ರಂಜನಾ, ಕಾರಿನ ಬೆಳಕು ಈಗ ಬರುತ್ತೆ ಆಗ ಬರುತ್ತೆ ಅಂತ ಜಗಲೀಲಿ ಕಾಯ್ತಿದ್ಲು. ಬೆಳಕು ಬರ್ಲಿಲ್ಲ. ಕಾಲಿನ ಸದ್ದು ಬಂತು. ಜಲ್ಲಿ ಮೇಲೆ… ಚರಕ್, ಚರಕ್… ಓಡೋದೂ ಅಲ್ಲ, ನಡೆಯೋದೂ ಅಲ್ಲ, ಎರಡರ ಮಧ್ಯೆ.

"ಕಾರೆಲ್ಲಿ?" ಅಂದ್ಲು.

"ಆಲದ ಮರದ ಹತ್ರ."

"ಕೆಟ್ಟು ನಿಂತ್ತಾ?"

"ಇಲ್ಲ."

"ಮತ್ತೆ ಎಂತ ಆಯ್ತು?"

ಅವನು ತಿರುಗಿ ಕತ್ತಲೆ ಕಡೆ ನೋಡಿದ. ಪಿಸುಮಾತಲ್ಲಿ ಹೇಳಿದ. "ಎಡಗಡೆ ಸೀಟಲ್ಲಿ… ಯಾರೋ ಇದಾರೆ."

ಇನ್ನು ಆ ಕಾರಿನ ವಿಷಯ ಹೇಳ್ಬೇಕು. ಕಾಫಿಗೆ ಮತ್ತೆ ರೇಟ್ ಎದ್ದು ನಿಂತ ವರ್ಷ, ಎರಡು ಸಾವಿರದ ಏಳೋ ಎಂಟೋ ಇರ್ಬೇಕು, ತಗೊಂಡಿದ್ದ. ಪರದೇಶದ ಕಂಪನಿ. ಹೆಸರು ಹೇಳಲ್ಲ, ನಾಳೆ ಅವರು ನನ್ನ ಮೇಲೆ ಕೇಸ್ ಹಾಕಿದ್ರೆ ನೀವು ಬರ್ತೀರಾ ಬಿಡಿಸೋಕೆ? ಕಪ್ಪಗೆ, ಉದ್ದಕ್ಕೆ ಇತ್ತು. ತೋಟದ ಆಳುಗಳು 'ಹಡಗು' ಅಂತ ಹೆಸರಿಟ್ಟಿದ್ರು. ಒಳಗೆ ಕೆನೆಬಣ್ಣದ ತೊಗಲಿನ ಸೀಟು. ಬಾಗಿಲು ಹಾಕಿದ್ರೆ 'ಧಪ್' ಅಂತ ಮೆತ್ತಗೆ ಒಂದು ಸದ್ದು, ಆಮೇಲೆ ಹೊರಗಿನ ಜೀರುಂಡೆ ಕೂಡ ಕೇಳಲ್ಲ. ಆಲದ ಮರದಿಂದ ಮನೆವರೆಗೆ ಒಂದು ಮೈಲಿ ಮಣ್ಣುರಸ್ತೆ. ಜೀಪು ಇದ್ದಾಗ ಜನರ ಸೊಂಟ ಮುರಿದ್ರೂ ರಿಪೇರಿ ಮಾಡಿಸದ ಮನುಷ್ಯ, ಕಾರಿನ ಹೊಟ್ಟೆ ಕಲ್ಲಿಗೆ ತಾಗುತ್ತೆ ಅಂತ ಜಲ್ಲಿ ಹೊಡ್ಸಿದ! ಡ್ರೈವರ್ ಇಡ್ಲಿಲ್ಲ. ತಾನೇ ಓಡಿಸ್ಬೇಕು, ತಾನೇ ಒರೆಸ್ಬೇಕು.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದ" ಅಂತ ಸುಶೀಲಕ್ಕ ಅವನ ಮುಖಕ್ಕೇ ಅಂದು ನಗೋಳು. ಅವಳಿಗೆ ಮಾತ್ರ ಆ ಹಕ್ಕು. ಯಶವಂತನ ಅಕ್ಕ. ತಾಯಿ ಹೋದಾಗ ಇವನಿನ್ನೂ ತೊಟ್ಟಿಲಲ್ಲಿದ್ದ. ಇವನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳು. ಇವನನ್ನ ಬಿಟ್ಟು ಹೋಗೋಕಾಗಲ್ಲ ಅಂತ ಬಂದ ಗಂಡುಗಳನ್ನೆಲ್ಲ ಬೇಡ ಅಂದು ಅಲ್ಲೇ ಉಳಿದುಬಿಟ್ಲು. ದಪ್ಪ ಹೆಂಗಸು, ಬಾಯ್ತುಂಬ ಎಲೆಅಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ. ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದಿದ್ದನ್ನ ಪಕ್ಕದ ಕಂಬಕ್ಕೆ ಒರೆಸೋದು ಅವಳ ಚಾಳಿ. ನಮ್ಮ ಮನೆ ಕಂಬಗಳ ಮೇಲೆ ಆ ಗೀಟುಗಳು ಈಗಲೂ ಇದಾವೆ.

ಕಾರು ಬಂದ ದಿನ ಅವಳೇ ಮೊದಲು ಕೂತಿದ್ದು, ಮುಂದೆ, ಎಡಗಡೆ. ಕಾರು ಹೊರಟಿದ್ದೇ ತಡ… ಟುಂಗ್… ಟುಂಗ್… ಟುಂಗ್…

"ಅಯ್ಯಯ್ಯೋ, ಇದೇನೋ ಇದು!"

"ಬೆಲ್ಟ್ ಹಾಕ್ಕೊಳಕ್ಕಾ. ಸೀಟಲ್ಲಿ ಜನ ಕೂತ್ರೆ ಅದಕ್ಕೆ ಗೊತ್ತಾಗುತ್ತೆ. ಬೆಲ್ಟ್ ಹಾಕೋವರೆಗೂ ಹಂಗೇ ಹೊಡ್ಕೊಳುತ್ತೆ."

"ಇದಕ್ಕೂ ನನ್ನ ಮೇಲೆ ದರ್ಬಾರು" ಅಂತ ಬೆಲ್ಟ್ ಎಳೆದು ಸಿಕ್ಕಿಸಿದ್ಲು. ಚಟ್. ಸದ್ದು ನಿಂತ್ತು. ಖುಷಿಯಾಯ್ತು ಅವಳಿಗೆ. ಆರಾಮಾಗಿ ಒರಗಿ ಎಲೆ ಮಡಚಿದ್ಲು, ಬಾಯಿಗಿಟ್ಲು, ಬೆರಳಲ್ಲಿದ್ದ ಸುಣ್ಣ ಸೀಟಿನ ಅಂಚಿಗೆ ಒರೆಸಿದ್ಲು.

ಯಶವಂತ ಕೂಗಿದ. "ಥೂ! ಬಸ್ಸು ಅಂದ್ಕೊಂಡ್ಯಾ ಇದನ್ನ?"

ರಂಜನಾ ಹಿಂದಿನ ಸೀಟಲ್ಲಿದ್ಲು, ತಲೆ ತಗ್ಗಿಸಿದ್ಲು. ಸುಶೀಲಕ್ಕ ಸೆರಗಿಂದ ಸುಣ್ಣ ಒರೆಸಿದ್ಲು, ಕಲೆ ಹೋಗೋವರೆಗೂ ಒರೆಸಿದ್ಲು. ಅವತ್ತಿಂದ ಆ ಕಾರು ಹತ್ತಲಿಲ್ಲ. ಕೋಪ ಅಂತಲ್ಲ, ನಗ್ತಾನೇ ಇದ್ಲು. "ನಂಗೆ ಬಸ್ಸೇ ಸಾಕು ಕಣೋ, ಅಲ್ಲಿ ಕಂಬ ಇರ್ತಾವೆ" ಅನ್ನೋಳು.

ಒಂದು ಬೆಳಗ್ಗೆ ಕಣ್ಣು ತೋರಿಸೋಕೆ ಚಿಕ್ಕಮಗಳೂರಿಗೆ ಅಂತ ಹೊರಟು, ಆಲದ ಮರದ ಕಟ್ಟೆ ಮೇಲೆ ಬಸ್ಸಿಗೆ ಕಾಯ್ತಾ ಕೂತಿದ್ಲು. ಯಶವಂತನೂ ಚಿಕ್ಕಮಗಳೂರಿಗೇ ಹೊರಟಿದ್ದ, ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸಿಗೆ. ಕಾರು ನಿಲ್ಲಿಸ್ದ. ಗ್ಲಾಸು ನಾಲ್ಕು ಬೆರಳು ಇಳಿಸ್ದ.

"ಬತ್ತೀಯಾ ಅಕ್ಕ?"

"ಬ್ಯಾಡ, ನೀ ಹೋಗು. ಬಸ್ಸು ಬತ್ತದೆ."

ಹೋದ.

ನೀವೇ ಹೇಳಿ. ನಮ್ಮ ಕಡೆ ಒಂದು ಸಲ ಕರೆದ್ರೆ ಯಾರಾದ್ರೂ ಬರ್ತಾರಾ? ಊಟಕ್ಕೆ ಕರೆದ್ರೂ 'ಬ್ಯಾಡ' ಅಂತೀವಿ. ಎರಡನೇ ಸಲಾನೂ 'ಬ್ಯಾಡ'. ಮೂರನೇ ಸಲ ಕೈ ಹಿಡಿದು ಎಳೆದ್ರೆ ಮಣೆ ಮೇಲೆ ಕೂರ್ತೀವಿ. ಒಂದೇ ಸಲ ಕರೆಯೋದು ಕರೆಯೋದಲ್ಲ, ಬರ್ಬೇಡ ಅಂತ ಹೇಳೋದು. ಅದೂ ಬಾಗಿಲು ತೆಗೀದೆ.

ಬಸ್ಸು ಬಂದಾಗ ಸುಶೀಲಕ್ಕ ಕಟ್ಟೆ ಮೇಲೆ ಹಂಗೇ ಒರಗಿ ಕೂತಿದ್ಲು. ಕಂಡಕ್ಟರ್ ಇಳಿದು ಭುಜ ಮುಟ್ಟಿದ. ಜೀವ ಇರ್ಲಿಲ್ಲ. ಕೈಯಲ್ಲಿ ಮಡಚಿದ ಎಲೆ ಇತ್ತಂತೆ, ಬಾಯಿಗೆ ಹೋಗಿರ್ಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಯಶವಂತ ಅತ್ತಿದ್ದು ನೋಡೋಕಾಗ್ತಿರ್ಲಿಲ್ಲ. ತಿಥಿ ಮಾಡಿದ್ರು, ಅವಳನ್ನ ಒಳಗೆ ಕರೆಯೋ ಶಾಸ್ತ್ರಾನೂ ಮಾಡಿದ್ರು. ಗೊತ್ತಲ್ಲ, ಸತ್ತವರು ಹೊರಗೆ ಅಲೀಬಾರ್ದು ಅಂತ ಮುಸ್ಸಂಜೇಲಿ ಹೆಸರು ಹಿಡಿದು ಮೂರು ಸಲ ಕರೀತಾರೆ. ಆಮೇಲೆ ಕೋಣೇಲಿ ಅವರಿಗಿಷ್ಟದ್ದು ಎಡೆ ಇಟ್ಟು ಬಾಗಿಲು ಮುಚ್ತಾರೆ. ಬಂದಿದ್ರೆ ಬೆಳಗ್ಗೆ ಎಡೇಲಿ ಏನಾದ್ರೂ ಗುರುತು ಇರುತ್ತೆ. ಸುಶೀಲಕ್ಕನಿಗೆ ಅಕ್ಕಿರೊಟ್ಟಿ, ಕೆಸುವಿನ ಪಲ್ಯ, ಎಲೆಅಡಿಕೆ, ಅವಳದೇ ಸುಣ್ಣದ ಡಬ್ಬಿ ಇಟ್ಟಿದ್ರು. ಬೆಳಗ್ಗೆ ಬಾಗಿಲು ತೆಗೆದಾಗ ನಾನೂ ಇದ್ದೆ. ಇಟ್ಟಿದ್ದು ಇಟ್ಟ ಹಂಗೇ ಇತ್ತು. ಯಶವಂತ ಅಲ್ಲೇ ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ಟ. "ಅಕ್ಕ ಬರ್ಲಿಲ್ಲ… ನನ್ನ ಮನೆಗೆ ಬರ್ಲಿಲ್ಲ" ಅಂದ.

ಆಮೇಲೆ ಶುರುವಾಯ್ತು.

ಮೊದಲನೇ ಸಲ, ಪೇಟೆಯಿಂದ ರಾತ್ರಿ ವಾಪಸ್ ಬರ್ತಿದ್ದ. ಒಬ್ಬನೇ. ಆಲದ ಮರದ ಹತ್ರ ತಿರುವಿಗೆ ಕಾರು ನಿಧಾನ ಮಾಡ್ದ. ಮರ ದಾಟ್ತು… ಟುಂಗ್… ಟುಂಗ್… ಟುಂಗ್… ಪಕ್ಕದ ಸೀಟು ನೋಡಿದ. ಖಾಲಿ. ಬ್ಯಾಗಿಲ್ಲ, ಕೊಡೆ ಇಲ್ಲ, ಏನೂ ಇಲ್ಲ. ಮನೆ ಗೇಟಿನವರೆಗೂ ಹೊಡ್ಕೊಂಡಿತು. ಗೇಟ್ ಹತ್ರ ಸದ್ದು ನಿಂತ್ತು.

ಮಾರನೇ ರಾತ್ರಿನೂ ಅದೇ. ಮಂಗಳೂರಿಗೆ ತಗೊಂಡು ಹೋಗಿ ಕಂಪನಿಯವರಿಗೆ ಕಾರು ತೋರಿಸ್ದ. ಕಂಪ್ಯೂಟರ್ ಸಿಕ್ಕಿಸಿ ನೋಡಿದ್ರು. "ಎಲ್ಲ ಸರಿಯಾಗಿದೆ ಸಾರ್, ಸೀಟಲ್ಲಿ ಜನ ಕೂತ್ರೆ ಮಾತ್ರ ಹೊಡ್ಕೊಳ್ಳೋದು" ಅಂದ್ರು. ಇವನು ವಾಪಸ್ ಬಂದ.

ಆಮೇಲೆ ಒಂದು ಉಪಾಯ ಮಾಡ್ದ. ಆಲ್ದೂರಲ್ಲೇ ನಿಲ್ಲಿಸಿ ಖಾಲಿ ಸೀಟಿಗೆ ಬೆಲ್ಟ್ ಸಿಕ್ಕಿಸಿಬಿಡೋದು. ಸದ್ದೇ ಇಲ್ಲ. ಸ್ವಲ್ಪ ದಿನ ಹಂಗೇ ನಡೀತು. ಹೆಂಡ್ತಿಗೂ ಹೇಳ್ಲಿಲ್ಲ.

ಆ ರಾತ್ರಿನೂ ಬೆಲ್ಟ್ ಹಾಕಿದ್ದ. ಮಂಜು ಇತ್ತು. ಮರ ಬಂತು. ಇವನು ಉಸಿರು ಬಿಗಿ ಹಿಡಿದು ದಾಟಿಸ್ದ. ಸದ್ದಿಲ್ಲ… ಸದ್ಯ ಅಂತ ಉಸಿರು ಬಿಟ್ಟ.

ಚಟ್.

ಬೆಲ್ಟ್ ಬಿಚ್ಚಿಕೊಳ್ತು. ಸರ್ರ್… ಅಂತ ತಾನಾಗೇ ಒಳಗೆ ಹೋಯ್ತು.

ಟುಂಗ್…

ಇಂಜಿನ್ ಆಫ್ ಮಾಡ್ದ. ಕೀ ಕಿತ್ತು ಜೇಬಿಗೆ ಹಾಕಿದ. ಬಾಗಿಲು ಹಾಕಿ, ಲಾಕ್ ಮಾಡಿ ಹೊರಟ. ಕೀ ಕಿತ್ತ ಮೇಲೆ ಯಾವ ಕಾರೂ ಹೊಡ್ಕೊಳಲ್ಲ, ನಂಗೂ ಗೊತ್ತು, ನಿಮಗೂ ಗೊತ್ತು. ಬಾಗಿಲು ಹಾಕಿದ್ರೆ ಜೀರುಂಡೆ ಸದ್ದು ಒಳಗೆ ಹೋಗದ ಕಾರು, ಒಳಗಿನ ಸದ್ದು ಹೊರಗೆ ಹೆಂಗೆ ಬರ್ಬೇಕು? ಆದ್ರೂ ಬಂತು. ಒಂದು ಮೈಲಿ… ಟುಂಗ್… ಟುಂಗ್… ಅವನ ಬೆನ್ನಿಗೆ ಅಂಟ್ಕೊಂಡು ಬಂತು. ಹೆದರಿಕೆಗಿಂತ ಅಳು ಬಂತು ಅಂದ. "ಚಿಕ್ಕೋನಿದ್ದಾಗ ಅವಳನ್ನ ಬಿಟ್ಟು ನಾನು ಮುಂದೆ ಓಡಿದ್ರೆ, ನಿಲ್ಲೋ ನಿಲ್ಲೋ ಅಂತ ಹಿಂದೆ ಬರ್ತಿದ್ಲಲ್ಲ, ಹಂಗಿತ್ತು ಕಣೋ" ಅಂದ.

ಬೆಳಗಾದ ಕೂಡ್ಲೇ ರಂಜನಾ ಗುರುವಯ್ಯನವ್ರನ್ನ ಕರೆಸಿದ್ಲು. ನಮ್ಮ ಕುಟುಂಬದ ಹಿರೀಕರು, ಶಾಸ್ತ್ರ ಎಲ್ಲ ಅವರೇ ಹೇಳ್ಕೊಡೋದು. ತಿಥಿ ಹೊತ್ತಿಗೆ ಅವರು ಕಾಯಿಲೆ ಬಿದ್ದು ಬಂದಿರ್ಲಿಲ್ಲ. ಎಲ್ಲ ಕೇಳಿಸ್ಕೊಂಡ್ರು.

"ಎಲ್ಲಿಂದ ಕರೆದ್ರಿ ಅವಳನ್ನ?"

"ಅಂಗಳದಿಂದ" ಅಂದ ಯಶವಂತ.

"ಅಂಗಳದಲ್ಲಿ ಸತ್ತಳೇನೋ ಅವಳು?"

ಗುರುವಯ್ಯನವ್ರು ರಸ್ತೆ ಕಡೆ ಕೈ ತೋರಿಸಿದ್ರು.

"ಅವಳು ಕೂತಿರೋದು ಮರದ ಹತ್ರ. ಮನೇಲಿ ನಿಂತು ಕೂಗಿದ್ರೆ ಅಲ್ಲಿಗೆ ಕೇಳುತ್ತಾ? ದಿನಾ ನಿನ್ನ ಜೊತೆ ಗೇಟಿನವರೆಗೆ ಬರ್ತಿದಾಳೆ, ನೀನು ನಿನ್ನ ಬಾಗಿಲು ತೆಕ್ಕೊಂಡು ಒಳಗೆ ಹೋಗ್ತಿದೀಯ. ಅವಳ ಬಾಗಿಲು ಯಾರು ತೆಗೀಬೇಕು? ಕರೀದೆ ಬರೋ ಹೆಂಗಸಾ ಅವಳು?"

ಅವತ್ತು ಕತ್ತಲಾದ ಮೇಲೆ ಹೋದ್ವಿ, ಗುರುವಯ್ಯನವ್ರು, ಯಶವಂತ, ನಾನು. ಕಾರು ಬಿಟ್ಟ ಜಾಗದಲ್ಲೇ ಇತ್ತು, ಮೇಲೆಲ್ಲ ಇಬ್ಬನಿ. ನಮ್ಮಿಬ್ಬರನ್ನ ಹಿಂದೆ ಕೂರಿಸಿ, ಯಶವಂತ ಎಡಗಡೆ ಬಾಗಿಲು ಪೂರ್ತಿ ತೆಗೆದು ಹಿಡಿದು ನಿಂತ. ಆಲದ ಎಲೆಯಿಂದ ಇಬ್ಬನಿ ಬೀಳ್ತಿತ್ತು… ಟಪ್… ಟಪ್…

"ಅಕ್ಕಾ, ಬಾ. ಮನೆಗೆ ಹೋಗಾಣ."

ಏನೂ ಇಲ್ಲ.

"ಅಕ್ಕಾ… ಬಾ."

ಏನೂ ಇಲ್ಲ. ಗುರುವಯ್ಯನವ್ರು ನನ್ನ ಮೊಣಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ಮೂರನೇದಕ್ಕೆ ಬರ್ಲಿಲ್ಲ ಅಂದ್ರೆ ಆಯ್ತು, ಅವಳು ಎಂದೆಂದಿಗೂ ಆ ಕಟ್ಟೆ ಮೇಲೇ. ಯಶವಂತನಿಗೂ ಅದು ಗೊತ್ತಿತ್ತು. ಬಾಗಿಲನ್ನ ಎರಡೂ ಕೈಯಲ್ಲಿ ಹಿಡ್ಕೊಂಡ. ಆಮೇಲೆ ಒಮ್ಮೆಲೇ ಮಗು ಥರ ಅತ್ತ.

"ಸುಣ್ಣ ಎಲ್ಲಿ ಬೇಕಾದ್ರೂ ಒರೆಸ್ಕೊಳೇ ಅಕ್ಕ! ಹಾಳಾಗ್ಲಿ ಸೀಟು. ನಿನ್ನ ಬಿಟ್ಟು ನಾ ಹೋಗಲ್ಲ. ಬಾರೇ…"

ಕರ್ರ್…

ತೊಗಲಿನ ಸೀಟು, ಜನ ಕೂತಾಗ ಮಾಡುತ್ತಲ್ಲ, ಆ ಸದ್ದು. ಗಾಳಿ ಇರ್ಲಿಲ್ಲ.

ಯಶವಂತ ಬಾಗಿಲು ಹಾಕಿದ. ಧಪ್. ಸುತ್ತಿ ಬಂದು ಕೂತ, ಇಂಜಿನ್ ಆನ್ ಮಾಡ್ದ. ಟುಂಗ್… ಟುಂಗ್… "ಬೆಲ್ಟ್ ಹಾಕ್ತೀನಿ ಅಕ್ಕ" ಅಂತ ಮೆಲ್ಲಗೆ ಹೇಳಿ, ಆ ಕಡೆ ಬಗ್ಗಿ ಎಳೆದ. ದಿನಾ ಖಾಲಿ ಸೀಟಿಗೆ ಎಳೆದಷ್ಟು ಸಾಲ್ಲಿಲ್ಲ. ಇನ್ನೂ ಎಳೆದ. ಇನ್ನೂ ಒಂದು ಗೇಣು ಎಳೀಬೇಕಾಯ್ತು. ಹೇಳಿದ್ನಲ್ಲ, ಸುಶೀಲಕ್ಕ ದಪ್ಪ ಹೆಂಗಸು.

ಚಟ್.

ಮನೆ ಮುಟ್ಟಿದ್ವಿ. ಅಂಗಳದಲ್ಲಿ ರಂಜನಾ ದೀಪ ಹಿಡಿದು ನಿಂತಿದ್ಲು. ಯಶವಂತ ಇಳಿದು, ಸುತ್ತಿ ಬಂದು, ಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ ಸರಿದು ನಿಂತ. ಸ್ವಲ್ಪ ಹೊತ್ತು ಬಿಟ್ಟು ಹಿಂದೆ ನೋಡದೆ ಒಳಗೆ ನಡೆದ. ಎಡೆ ಇಟ್ಟು ಕೋಣೆ ಬಾಗಿಲು ಮುಚ್ಚಿದ್ವಿ. ಬೆಳಗ್ಗೆ ನೋಡಿದ್ರೆ ರೊಟ್ಟಿ ಹಂಗೇ ಇತ್ತು, ಪಲ್ಯ ಹಂಗೇ ಇತ್ತು. ಸುಣ್ಣದ ಡಬ್ಬಿ ಮಾತ್ರ ಬಾಯಿ ತೆರೆದಿತ್ತು. ಯಶವಂತ ನಕ್ಕ. ತಿಂಗಳುಗಳ ಮೇಲೆ ನಕ್ಕಿದ್ದು ಅದೇ ಮೊದಲು.

ಕಾರು ಮತ್ತೆ ಯಾವತ್ತೂ ಹಂಗೆ ಹೊಡ್ಕೊಳ್ಲಿಲ್ಲ. ಅವನೀಗ ಆಲದ ಮರದ ಹತ್ರ ಯಾರು ನಿಂತಿದ್ರೂ ನಿಲ್ಲಿಸ್ತಾನೆ. ಬ್ಯಾಡ ಅಂದ್ರೆ ಬಿಡಲ್ಲ, ಇಳಿದು ಬಾಗಿಲು ತೆಗೆದು ಮೂರು ಸಲ ಕರೀತಾನೆ. ಕೆಸರು ಕಾಲಲ್ಲೇ ಹತ್ತಿಸ್ಕೋತಾನೆ. ಎಲ್ಲರೂ ಹಿಂದೆ ಕೂರ್ಬೇಕು, ಅಷ್ಟೇ. ಎಡಗಡೆ ಸೀಟಿಗೆ ಯಾರನ್ನೂ ಕೂರಿಸಲ್ಲ.

ಸುಳ್ಳು ಅನ್ನೋರು ಹೋಗಿ ನೋಡ್ಕೊಂಡು ಬನ್ನಿ, ಕಾರು ಶೆಡ್ಡಲ್ಲೇ ಇದೆ. ಆ ಸೀಟಿನ ಅಂಚಲ್ಲಿ ಬಾಗಿಲ ಕಡೆಗೆ, ಅವಳು ಸೆರಗಲ್ಲಿ ಒರೆಸಿ ತೆಗೆದ ಜಾಗದಲ್ಲೇ, ಒಂದು ಬೆರಳಿನ ಸುಣ್ಣದ ಗೀಟಿದೆ. ಮೊನ್ನೆ ಹೋಗಿದ್ದೆ. ಎಷ್ಟು ವರ್ಷದ್ದು, ಒಣಗಿ ಪುಡಿಯಾಗಿರುತ್ತೆ ಅಂತ ಉಗುರಲ್ಲಿ ಕೆರೆಯೋಕೆ ಹೋದೆ.

ಹಸಿ ಇತ್ತು.