ತೊಳೆದಿಟ್ಟ ಬಚ್ಚಲು

ಬಾವಿ ದಾಟಿದ ಮೇಲೆ ಸುಗುಣಾ ನಡಿಗೆ ಬಿರುಸು ಮಾಡಿದಳು. ರಾತ್ರಿ ಹನ್ನೆರಡರ ಹೊತ್ತು. ಒಂದು ಕೈಯಲ್ಲಿ ಕೊಳೆ ಚಾದರಗಳ ಗಂಟು, ಇನ್ನೊಂದರಲ್ಲಿ ಮೊಬೈಲಿನ ಬೆಳಕು. ಎರಡೂ ಕಡೆ ದ್ರಾಕ್ಷಿ ತೋಟ. ಆ ಬಾವಿಗೆ ಕಟ್ಟೆಯಿಲ್ಲ, ಹಗಲಲ್ಲಿ ಬಗ್ಗಿ ನೋಡಿದರೂ ಎದೆ ಝಲ್ಲೆನ್ನುತ್ತದೆ. ಹಿಂದಿನಿಂದ ಸದ್ದು ಬಂತು.

ಸರ್... ಟಪ್. ಸರ್... ಟಪ್.

ಒಂದು ಚಪ್ಪಲಿ ನೆಲ ಸವರಿಕೊಂಡು ಬರುತ್ತಿತ್ತು, ಇನ್ನೊಂದು ಊರುತ್ತಿತ್ತು. ಮೊಣಕಾಲು ಸೋತವರ ನಡಿಗೆ. ಅದು ಯಾರದೆಂದು ಸುಗುಣಾಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳು ತಿರುಗಿ ನೋಡಲಿಲ್ಲ.

ಇದು ನಾಸಿಕದಲ್ಲಿ ನಮ್ಮ ಪಕ್ಕದ ಮನೆಯವಳಿಗೇ ಆದದ್ದು. ಗಂಡ ವೈಜನಾಥನಿಗೆ ಸಾತಪುರದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ತೋಟದಂಚಿನಲ್ಲಿ ಅವರದೊಂದು ಎರಡು ಕೋಣೆಯ ಮನೆಯಿದೆ. ಅದನ್ನು ಮೊಬೈಲ್ ಆ್ಯಪಿಗೆ ಹಾಕಿ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವುದು ಸುಗುಣಾಳ ಉದ್ಯೋಗ. ಬಂದವರು ಹೋಗುವಾಗ ಶುಚಿತನಕ್ಕೆ ಇಷ್ಟು ನಕ್ಷತ್ರ ಅಂತ ಕೊಟ್ಟು ಹೋಗುತ್ತಾರೆ. ಹೋದ ದೀಪಾವಳಿಯಲ್ಲಿ ಯಾರೋ ಬಚ್ಚಲಲ್ಲಿ ಬಿದ್ದಿದ್ದ ಒಂದು ಕೂದಲಿನ ಫೋಟೋ ತೆಗೆದು ಊರಿಗೆಲ್ಲ ಕಾಣುವ ಹಾಗೆ ಹಾಕಿದರು. ಅಷ್ಟೇ, ಒಂದು ತಿಂಗಳು ಬಾಗಿಲಿಗೆ ಯಾರೂ ಬರಲಿಲ್ಲ. ಆ ಕೂದಲು ಇವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಅಲ್ಲಿಂದ ಅವಳಿಗೆ ಮನುಷ್ಯರು ಕಾಣುವುದು ಬಿಟ್ಟು ಅವರು ಉದುರಿಸಿದ್ದು ಮಾತ್ರ ಕಾಣತೊಡಗಿತು. ನಾನು ಹೋದರೂ ನನ್ನ ಕಾಲನ್ನೇ ನೋಡುತ್ತಿದ್ದಳು.

ಕೆಲಸಕ್ಕೆ ಭಾಗವ್ವ ಬರುತ್ತಿದ್ದಳು, ವಿಜಯಪುರದ ಕಡೆಯವಳು. ಕೈ ಚುರುಕು, ಆದರೆ ಒಂದು ಹಟ. ಅತಿಥಿಗಳು ಹೊಸ್ತಿಲು ದಾಟಿದ ಕೂಡಲೇ ಕಸಬರಿಗೆ ಮುಟ್ಟುತ್ತಿರಲಿಲ್ಲ.

“ಹೋದವರ ಬೆನ್ನಿಗೇ ಕಸಾ ಹೊಡೀಬಾರದ್ರಿ ಅಕ್ಕಾರ. ಹೆಣಾ ಹೋದ ಮ್ಯಾಲ ಅಷ್ಟ ಹಂಗ ಮಾಡ್ತಾರ.”

ಹೀಗೆಂದು ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುವಳು. ಸುಗುಣಾ ತಾನೂ ಅದೇ ಮಾತು ಕೇಳಿ ಬೆಳೆದವಳು, ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು.

ಫೆಬ್ರುವರಿಯಲ್ಲಿ ಕುಂದಾಪುರದ ಕಡೆಯ ತಾಯಿ ಮಗ ಬಂದು ಎರಡು ದಿನ ಇದ್ದರು. ತಾಯಿ ಜಲಜಾಕ್ಷಿ, ಎಪ್ಪತ್ತು ದಾಟಿದವರು. ಮಗ ರತ್ನಾಕರ. ತ್ರ್ಯಂಬಕೇಶ್ವರ ಮುಗಿಸಿ ಸಂಭಾಜಿನಗರದ ಕಡೆ ಹೊರಟಿದ್ದರು. ಹೊರಡುವ ಹೊತ್ತಿಗೆ ಸುಗುಣಾಳ ಫೋನ್ ರಿಂಗಾಯಿತು. ಮಧ್ಯಾಹ್ನ ಬರಬೇಕಾದವರು ಇನ್ನರ್ಧ ಗಂಟೆಯಲ್ಲಿ ಬರುತ್ತಾರಂತೆ. ಭಾಗವ್ವ ನೋಡಿದರೆ ಹಿತ್ತಲ ಮೆಟ್ಟಿಲ ಮೇಲೆ. ಸುಗುಣಾ ತಾನೇ ಕಸಬರಿಗೆ ಎತ್ತಿಕೊಂಡಳು. ಮುದುಕಿ ಕಾಲೆಳೆದುಕೊಂಡು ಗೇಟು ಮುಟ್ಟುವಷ್ಟರಲ್ಲಿ ಬಚ್ಚಲು ತೊಳೆದು, ಪಡಸಾಲೆಗೆ ಫಿನೈಲ್ ನೀರು ಹೊಯ್ದೂ ಆಗಿತ್ತು.

ಸರ್... ಟಪ್. ಜಲಜಾಕ್ಷಿ ವಾಪಸ್ಸು ಬಂದು ಹೊಸ್ತಿಲಲ್ಲಿ ನಿಂತರು.

“ಒಂದು ಸಲ ಬಾತ್‌ರೂಮಿಗೆ ಹೋಗಿ ಬರ್ತೇನೆ ಮಾರಾಯ್ತಿ. ದೂರದ ದಾರಿ ಅಲ್ವಾ?”

ಸುಗುಣಾ ಬಗ್ಗಿಸಿದ ತಲೆ ಎತ್ತಲಿಲ್ಲ. “ಈಗಷ್ಟ ತೊಳ್ದೇನ್ರಿ ಅಮ್ಮಾರ, ಬ್ಯಾರೇದವ್ರು ಬಂದಬಿಟ್ರು. ದಾರ್‍ಯಾಗ ಪೆಟ್ರೋಲ್ ಪಂಪ್ ಅದಾವಲ್ರಿ.”

ಮುದುಕಿ ಒದ್ದೆ ನೆಲ ನೋಡಿದರು. “ಅಡ್ಡಿಲ್ಲ, ಅಡ್ಡಿಲ್ಲ,” ಅಂದರು. ಹೋದರು.

ದಾರಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸಿದರಂತೆ, ಎರಡೂ ಕಡೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಮೂರನೆಯದು ದೌಲತಾಬಾದಿನ ಈಚೆ ಒಂದು ಢಾಬಾ. ಅಲ್ಲಿಯ ಪಾಚಿಗಟ್ಟಿದ ನೆಲದಲ್ಲಿ ಜಾರಿ, ಕಲ್ಲಿಗೆ ತಲೆ ಬಡಿದು, ಸಂಭಾಜಿನಗರದ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು. ಇಳಿದುಕೊಳ್ಳುವಾಗ ಕೊಟ್ಟಿದ್ದ ತಾಯಿಯ ಗುರುತಿನ ಚೀಟಿಯ ನಕಲು ಬೇಕೆಂದು ರತ್ನಾಕರ ಮರುದಿನ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಸುಗುಣಾ ಆ್ಯಪ್ ತೆರೆದಳು. ಹಿಂದಿನ ದಿನ, ಗಾಡಿಯಲ್ಲಿ ಕೂತೇ ಅವನು ಬರೆದಿದ್ದ. ಐದು ನಕ್ಷತ್ರ. ‘ಕನ್ನಡಿಯಂಥ ಸ್ವಚ್ಛತೆ. ಅಮ್ಮನಿಗೆ ತುಂಬ ಹಿಡಿಸಿತು.’

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಬೆನ್ನಿಗೇ ಕಸ ಹೊಡೆದೆ, ನನ್ನಿಂದಲೇ ಹೀಗಾಯಿತು ಎಂದು ನನ್ನ ಹತ್ತಿರ ಅತ್ತಳು, ಭಾಗವ್ವನ ಹತ್ತಿರ ಅತ್ತಳು. ನಾವೂ ಸಮಾಧಾನ ಹೇಳಿದೆವು. ಬಚ್ಚಲಿಗೆ ಬಿಡದ ಮಾತನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಕಸದ ತಪ್ಪನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳಬಹುದು. ಇದನ್ನು ಯಾವ ಬಾಯಲ್ಲಿ ಹೇಳುವುದು?

ಅದಾಗಿ ಒಂದು ತಿಂಗಳಿಗೆ ಈ ರಾತ್ರಿ. ಬಾಡಿಗೆ ಮನೆಯಲ್ಲಿದ್ದವರು ಮನ್ಮಾಡದ ರೈಲಿಗೆ ಹತ್ತು ಗಂಟೆಗೆ ಹೊರಟರು, ಬೆಳಗ್ಗೆ ಬೇರೆಯವರು ಬರುವವರಿದ್ದರು. ವೈಜನಾಥನಿಗೆ ರಾತ್ರಿ ಪಾಳಿ. ಒಬ್ಬಳೇ ಎಲ್ಲ ತೊಳೆದು ಬೀಗ ಹಾಕಿ ಬರುತ್ತಿದ್ದಳು.

ಸರ್... ಟಪ್.

ಸುಗುಣಾ ನಿಂತಳು. ಅದೂ ನಿಂತಿತು. ಬಾವಿಯೊಳಗೆ ಎಲ್ಲೋ ನೀರು ತೊಟ್ಟಿಕ್ಕಿತು... ತೊಟಕ್.

“ಬೀಗ ಹಾಕಿದ್ಯಾ ಮಾರಾಯ್ತಿ?” ಕಿವಿಯ ಹಿಂದೆಯೇ ಪಿಸುದನಿ.

“ಹಾಕೇನ್ರಿ...”

“ಒಂದು ಸಲ ತೆಗೀತೀಯಾ?”

ಹೇಳಿದರೆ ನಂಬಲಿಕ್ಕಿಲ್ಲ, ಆ ಗಳಿಗೆಯಲ್ಲೂ ಅವಳ ನಾಲಿಗೆಯ ತುದಿಗೆ ಬಂದದ್ದು ‘ಈಗಷ್ಟ ತೊಳ್ದೇನ್ರಿ’ ಅನ್ನುವ ಮಾತೇ. ಅದನ್ನು ನುಂಗಿಕೊಂಡಳು. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಿತ್ತು ಅಂತ ಅವಳೇ ನನ್ನ ಹತ್ತಿರ ಹೇಳಿದ್ದಾಳೆ.

“ಬರ್ರಿ,” ಅಂದಳು.

ತಲೆ ತಗ್ಗಿಸಿ ಬಂದ ದಾರಿಯಲ್ಲೇ ವಾಪಸ್ಸು ನಡೆದಳು. ಮುದುಕಿಗೆ ಕಷ್ಟವಾಗದ ಹಾಗೆ ನಿಧಾನ ನಡೆದಳು. ಸದ್ದು ಹಿಂದಿಂದೆ ಬಂತು. ಬೀಗ ತೆಗೆದು, ಪಡಸಾಲೆಯ ದೀಪ ಹಾಕಿ, ಬಚ್ಚಲ ಬಾಗಿಲು ದೂಡಿ, ತಾನು ಅಂಗಳಕ್ಕೆ ಬಂದು ಗೋಡೆಗೆ ಮುಖ ಮಾಡಿ ನಿಂತಳು.

“ಸಾವಕಾಶ ಹೋಗಿ ಬರ್ರಿ ಅಮ್ಮಾರ. ಅವಸರಿಲ್ಲ.”

ಸರ್... ಟಪ್. ಪಕ್ಕದಲ್ಲೇ ಹಾದುಹೋಯಿತು. ಒಳಗೆ ಬಾಗಿಲ ಕೀರಲು. ಚಿಲಕ... ಕಟಕ್. ಬಕೆಟ್ಟಿಗೆ ಮಗ್ಗು ತಾಗಿತು. ನೀರು ಸುರಿಯಿತು, ಸಳ ಸಳ. ಆಮೇಲೆ ನೆಲದ ಮೇಲೆ ಏನೋ ಎಳೆದ ಸದ್ದು, ಬಹಳ ಹೊತ್ತು. ಆಮೇಲೆ ಏನೂ ಇಲ್ಲ.

ಹೊರಗೆ ಬರುವ ಹೆಜ್ಜೆಗೆ ಸುಗುಣಾ ಕಾದಳು. ಒಂದು ಗಂಟೆಯಾಯಿತು, ಎರಡಾಯಿತು. ಬಿಟ್ಟು ಹೋಗುವ ಧೈರ್ಯವಿಲ್ಲ, ಕರೆಯುವ ಮುಖವಿಲ್ಲ. ಕೊನೆಗೆ ಗೋಡೆಗೇ ಹೇಳಿದಳು, “ತಪ್ಪಾತ್ರಿ. ಅವತ್ತ ತಲಿ ಎತ್ತಿ ನಿಮ್ಮ ಮಾರಿ ಸುದ್ದಾ ನೋಡ್ಲಿಲ್ಲ ನಾನು.”

ಬೆಳಗ್ಗೆ ಮನೆಯಲ್ಲಿ ಹೆಂಡತಿ ಕಾಣದೆ ವೈಜನಾಥ ಹುಡುಕಿಕೊಂಡು ಬಂದ, ಅವನ ಹಿಂದೆ ನಾನೂ ಹೋದೆ. ಸುಗುಣಾ ಅಂಗಳದಲ್ಲಿ ಕೂತಿದ್ದಳು. ಬಚ್ಚಲ ಬಾಗಿಲು ದೂಡಿದರೆ ತೆರೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. “ಒಳಗ ಯಾರದಾರ?” ಅಂತ ಅವನು ಕೇಳಿದ. ಹೆಗಲು ಕೊಟ್ಟು ಒಡೆದ. ಒಳಗೆ ಯಾರೂ ಇರಲಿಲ್ಲ.

ಅಲ್ಲೇ ನಿಂತು ಅವಳು ರತ್ನಾಕರನಿಗೆ ಫೋನ್ ಹಚ್ಚಿ, ನಮ್ಮಿಬ್ಬರೆದುರೇ, ಬಚ್ಚಲಿನ ಮಾತನ್ನು ಹೇಳಿದಳು. ಆಗಲೇ ನಮಗೂ ಗೊತ್ತಾದದ್ದು. ಆ ಕಡೆಯಿಂದ ಅವನೆಂದ, “ಅಮ್ಮ ಕಾರಲ್ಲಿ ನಿಮ್ಮ ವಿಷಯವೇ ಹೇಳ್ತಾ ಇದ್ರು. ಪಾಪ, ಆ ಹೆಂಗಸಿಗೆ ಎಷ್ಟು ಕೆಲಸ, ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳೋ ಇಲ್ವೋ ಅಂತ.”

ಸುಗುಣಾ ಫೋನ್ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

ಗಾಳಿಗೆ ಚಿಲಕ ಬಿದ್ದಿರಬೇಕು ಅನ್ನುವವರು ಅನ್ನಲಿ. ಅದು ಮೇಲಕ್ಕೆತ್ತಿ ತಿರುಗಿಸಿ ಹಾಕುವ ಚಿಲಕ, ಮುರಿದದ್ದನ್ನು ನನ್ನ ಕೈಯಲ್ಲೇ ಹಿಡಿದು ನೋಡಿದ್ದೇನೆ. ಕಿಟಕಿ ಅಂಗೈಯಗಲ. ಇನ್ನೊಂದು ಮಾತು, ಒಳಗೆ ಮೊದಲು ಕಾಲಿಟ್ಟವಳು ನಾನು, ಅದಕ್ಕೇ ಹೇಳುತ್ತೇನೆ. ನೆಲದ ನೀರನ್ನು ಮೂಲೆಮೂಲೆಯಿಂದಲೂ ಎಳೆದು ಒಣಗಿಸಿತ್ತು, ಹನಿ ನೀರಿರಲಿಲ್ಲ. ಮಗ್ಗನ್ನು ತೊಳೆದು ಬೋರಲು ಹಾಕಿತ್ತು.