ಇಪ್ಪತ್ತೆರಡು ದಿನದ ಮಾತ್ರೆ

ಬೆಟ್ಟನಾಡಾದ ನಾರಿನ್ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ಬುರುಲ್ ತನ್ನ ಸರದಿಗಾಗಿ ಕಾಯುತ್ತಿದ್ದಳು. ಎದುರು ಬೆಂಚಿನಲ್ಲಿ ಕುರಿ ಮೇಯಿಸುವ ಜುಮಾಶ್ ಮತ್ತವನ ಅತ್ತಿಗೆ ಕಾಲಿಮಾನ್ ಕೂತಿದ್ದರು.

“ಬಾಯಿ ತೆಗಿ, ನೋಡೋಣ.”

“ಈಗ ಇಳಿದಿದೆ ಅತ್ತಿಗೆ. ಮಾತ್ರೆ ನುಂಗ್ತಿದ್ದಾಗ ಒಸಡು ಊದ್ಕೊಂಡು, ರೊಟ್ಟಿ ಕಚ್ಚಿದ್ರೂ ರಕ್ತ ಬರೋದು.”

“ಅದಕ್ಕೆ ಮಾತ್ರೇನೇ ಬಿಟ್ಬಿಟ್ಯಾ? ಕುರಿಯಿಂದ ಬಂದ ಜ್ವರ, ನಲವತ್ತೈದು ದಿನ ತಗೋಬೇಕು ಅಂದಿದ್ರಲ್ಲೋ!”

“ಇಪ್ಪತ್ತೆರಡು ದಿನ ತಗೊಂಡೆ.”

“ಕೆಲವರಿಗೆ ಮಾತ್ರೆಯಿಂದ್ಲೇ ಒಸಡು ಹಂಗಾಗುತ್ತಂತೆ. ಡಾಕ್ಟ್ರಿಗೆ ಹೇಳಿದ್ರೆ ಬೇರೆ ಕೊಡ್ತಿದ್ರೇನೋ.”

“ಮಗಳ ಮದುವೆ ಹತ್ರ ಬಂದಿತ್ತು. ಬೀಗರು ಮರ್ಯಾದೆಗೆ ಅಂತ ನನ್ನ ಮುಂದೆ ಕುರಿತಲೆ ಇಟ್ಟಾಗ, ಬಾಯಿಗೆ ಹಾಕದೆ ಪಕ್ಕಕ್ಕೆ ತಳ್ಳಿದ್ರೆ ಆ ಮನೇಲಿ ಅವಳ ಗತಿಯೇನು?”

“ಚೂರು ಕೊಯ್ದು ತಿಂದು, ಮಿಕ್ಕಿದ್ದು ದಾಟಿಸಿದ್ರೆ ಆಗ್ತಿತ್ತು. ತಲೆಬುರುಡೆ ಸಮೇತ ನುಂಗು ಅಂದ್ರಾ ನಿನ್ಗೆ?”

“ಕಿವಿ ಮಕ್ಕಳಿಗೆ ಕೊಟ್ಟೆ, ಕಣ್ಣು ನಾನೇ ತಿಂದೆ. ಬೀಗರಿಗೆ ಖುಷಿಯಾಯ್ತು.”

“ಆಯ್ತು ಬಿಡು, ಅವರಿಗೆ ಖುಷಿ. ಜ್ವರ?”

ಜುಮಾಶ್ ಮೊಣಕಾಲ ಮೇಲಿನ ಟೋಪಿಯನ್ನು ತಿರುಗಿಸಿದ.

“ಮೊನ್ನೆಯಿಂದ ಮತ್ತೆ ಬರ್ತಿದೆ. ಸೊಂಟ ಹಿಡ್ಕೊಂಡಿದೆ. ಕುದುರೆ ಹತ್ತೋಕಾಗ್ತಿಲ್ಲ.”

“ಇನ್ನೆರಡು ವಾರಕ್ಕೆ ಮಂದೆ ಬೆಟ್ಟಕ್ಕೆ ಹೋಗ್ಬೇಕು.”

“ಗೊತ್ತು.”

ನರ್ಸ್ ಅವನ ಹೆಸರು ಕೂಗಿದಳು. ಏಳಲು ಹೋದವನು ಬೆಂಚಿಗೇ ಕುಸಿದ. ಕಾಲಿಮಾನ್ ಹೆಗಲು ಕೊಟ್ಟು ಎಬ್ಬಿಸಿದಳು. ಇಬ್ಬರೂ ಬಾಗಿಲ ಕಡೆ ನಿಧಾನವಾಗಿ ನಡೆದರು. ಬುರುಲ್‌ಗೆ ಕೊನೆಯದಾಗಿ ಕೇಳಿಸಿದ್ದು ಇಷ್ಟು:

“ಮೊದಲ ದಿನದಿಂದ ಮತ್ತೆ ಶುರು ಮಾಡು ಅಂತಾರಾ ಅತ್ತಿಗೆ?”

“ಅಷ್ಟೇ ಅಂದ್ರೆ ನಮ್ಮ ಪುಣ್ಯ ಅಂದ್ಕೊಳ್ಳೋಣ, ನಡಿ.”