ಕಮಾನುಬಂಡೆಯ ಕೆಳಗಿನ ಕಾಫಿ

ನಂಬದವರು ಎದ್ದು ಹೋಗಬಹುದು. ಹೊರಗೆ ಕತ್ತಲಿದೆ, ನೋಡಿಕೊಂಡು ಹೋಗಿ.

ಇದು ವಾದಿ ರಮ್ ಮರುಭೂಮಿಯಲ್ಲಿ ನಮ್ಮ ಪಕ್ಕದ ಡೇರೆಯ ಸುವೈಲಿಮನಿಗೆ ಆದದ್ದು. ಅವನ ತಮ್ಮ ಫರ್ರಾಜ್ ಪ್ರವಾಸಿಗಳನ್ನು ಕಣಿವೆಯೊಳಗಿನ ಕಮಾನುಬಂಡೆಗೆ ನಡೆಸಿಕೊಂಡು ಹೋಗಿ, ಸಂಜೆಗೆ ವಾಪಸು ಕರೆತಂದಿದ್ದ. ಅವರಲ್ಲೊಬ್ಬಳು ಕ್ಯಾಮೆರಾ ಅಲ್ಲೇ ಮರೆತಿದ್ದಳು. ತರುತ್ತೇನೆಂದು ಹೋದವನು ಕತ್ತಲಾದರೂ ಬರಲಿಲ್ಲ. ಚಿಕ್ಕಪ್ಪನ ಮಕ್ಕಳು ಬೆಟ್ಟದ ಹಿಂಬದಿಯಿಂದ ಹುಡುಕಲು ಹೊರಟರು. ಸುವೈಲಿಮ್ ಕಣಿವೆಯ ದಾರಿ ಹಿಡಿದ.

"ಅವನನ್ನ ಮನೆಗೆ ಕರ್ಕೊಂಡೇ ಬಾ," ಅಂದಳು ತಾಯಿ ಹಮ್ದಾ. "ಒಬ್ನೇ ಬಂದ್ರೆ ನಂಗೆ ಮುಖ ತೋರಿಸ್ಬೇಡ."

ಬಾವಿ ದಾಟಿದ. ಎರಡೂ ಕಡೆ ಬಂಡೆ... ಮೇಲೆ ಒಂದು ಸೀಳು ಆಕಾಶ. ಮರಳಲ್ಲಿ ಚಪ್ಪಲಿಯ ಚರ್... ಚರ್... ಆಮೇಲೆ ಇನ್ನೊಂದು ಸದ್ದು. ಟಣ್... ಟಣ್ ಟಣ್... ಯಾರೋ ಒರಳಲ್ಲಿ ಕಾಫಿಬೀಜ ಕುಟ್ಟುತ್ತಿದ್ದಾರೆ. ಆ ಸದ್ದು ಕೇಳಿತೆಂದರೆ ನಮಗೆ ಅದು ಕರೆ. ಹೋಗದೆ ಇರುವಂತಿಲ್ಲ.

ಕಮಾನಿನ ಕೆಳಗೆ ಬೆಂಕಿ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕ. ಸಲಾಮಿಗೆ ತಲೆಯಾಡಿಸಿ, ಬಟ್ಟಲು ಚಾಚಿದ. ಬೆಂಕಿಯ ಮುಂದೆ ಕೂತವನ ಕೈ... ಬಾವಿನೀರಿನಷ್ಟು ತಣ್ಣಗಿತ್ತು.

ಸುವೈಲಿಮ್ ಕುಡಿಯಲಿಲ್ಲ. ನಮ್ಮಲ್ಲಿ ಕೋರಿಕೆ ಇಟ್ಟುಕೊಂಡು ಬಂದವನು ಬಟ್ಟಲನ್ನು ನೆಲಕ್ಕಿಟ್ಟು ಕಾಯಬೇಕು, ಬೆಂಕಿಯ ಯಜಮಾನ 'ಆಗಲಿ' ಅಂದ ಮೇಲೇ ಗುಟುಕರಿಸಬೇಕು. ಹಾಗೇ ಮಾಡಿದ. ಯಾರ ಬೆಂಕಿ, ಯಾರ ಮುಂದೆ ಕೂತಿದ್ದೇನೆ ಅಂತ ಯೋಚಿಸಬೇಡವೇ ಈ ಪುಣ್ಯಾತ್ಮ? ಪಾಪ, ಅವನ ಜೀವವೆಲ್ಲ ತಮ್ಮನ ಮೇಲಿತ್ತು.

"ಏನಪ್ಪಾ ಬೇಕು?" ಪಿಸುದನಿ.

"ನನ್ ತಮ್ಮ ಮನೆಗೆ ಬರ್ಬೇಕು, ಅಜ್ಜ."

"ಅಷ್ಟೇನಾ?"

"ಅಷ್ಟೇ."

"ಹಂಗಾದ್ರೆ ಕುಡಿ. ಬರ್ತಾನೆ. ದಾರೀಲಿ ಮಾತಾಡಿಸ್ಬೇಡ."

ಕುಡಿದ. ಬಂದ ದಾರಿಯಲ್ಲೇ ಇಳಿಯತೊಡಗಿದ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ... ಚರ್... ಸರ್ರ್... ಚರ್... ಸರ್ರ್... ಎಡಗಾಲು ಎಳೆದು ನಡೆಯುವ ಫರ್ರಾಜನ ನಡಿಗೆ. ಸುವೈಲಿಮನಿಗೆ ಸಂತೋಷಕ್ಕೆ ಅಳುವೇ ಬಂತು. ಮಾತಾಡಿಸಲಿಲ್ಲ. ತಿರುಗಿಯೂ ನೋಡಲಿಲ್ಲ.

ಡೇರೆಯ ಮುಂದೆ ಗಂಡಸರು ಗುಂಪಾಗಿ ನಿಂತಿದ್ದರು. ಅವರ ಕಾಲಬಳಿ, ಕಂಬಳಿಯೊಳಗೆ ಫರ್ರಾಜ್. ಬಂಡೆಯಿಂದ ಬಿದ್ದಿದ್ದ. ಚಿಕ್ಕಪ್ಪನ ಮಕ್ಕಳು ಹಿಂಬದಿಯಿಂದ ಹೊತ್ತು ತಂದಿದ್ದರು.

"ನಾವು ಹೋಗೋ ಹೊತ್ತಿಗೇ ಮೈ ಸೆಟೆದಿತ್ತು ಕಣೋ," ಅಂದ ಅವರಲ್ಲೊಬ್ಬ.

ಸುವೈಲಿಮ್ ಆಗ ಹಿಂದೆ ನೋಡಿದ. ಯಾರೂ ಇರಲಿಲ್ಲ.

ಬೆಳಿಗ್ಗೆ ಮಣ್ಣು ಮಾಡಿ ಬಂದೆವು. ಮರಳಲ್ಲಿ ಹೆಜ್ಜೆ ಓದುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಣಿವೆಯಿಂದ ಇಬ್ಬರು ನಡೆದು ಬಂದಿದ್ದರು. ಒಂದು ಸಾಲು ಸುವೈಲಿಮನದು, ರಾತ್ರಿ ನಾವು ಗಂಡಸರು ನಿಂತಿದ್ದ ಕಡೆಗೆ ಬಂದಿತ್ತು. ಇನ್ನೊಂದು, ಎಡಗಾಲು ಎಳೆದ ಸಾಲು, ಡೇರೆಯ ಹಿಂದಕ್ಕೆ ತಿರುಗಿ, ಹಮ್ದಾ ಮಲಗುವ ಕಡೆಯಿಂದ ಒಳಗೆ ಹೋಗಿತ್ತು. ಹೊರಗೆ ಬಂದ ಹೆಜ್ಜೆ ಎಲ್ಲೂ ಇರಲಿಲ್ಲ... ಸುತ್ತ ನಾನೇ ಹುಡುಕಿದ್ದೇನೆ, ಇದೇ ಕಣ್ಣಿಂದ.

ಆಮೇಲೆ ನಾವೆಲ್ಲ ಅಲ್ಲಿಂದ ಡೇರೆ ಕಿತ್ತೆವು. ಹಮ್ದಾ ಮಾತ್ರ ಇವತ್ತಿಗೂ ತನ್ನದನ್ನು ಕೀಳಲು ಬಿಟ್ಟಿಲ್ಲ.